ಕರೆಂಟ್ ಹೋಯ್ತು, ಸೇವ್ ಉಳೀತಾ? — ಗೇಮ್ ಆಡುವವರ ಪ್ರಶ್ನೆಗಳಿಗೆ ಉತ್ತರ

ವಿಡಿಯೋ ಗೇಮ್ ಸೇವ್ ಮಾಡುವ, ಮತ್ತೆ ಲೋಡ್ ಮಾಡುವ ವಿಷಯವಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಂಚಿಕೆಗೆ ಒಟ್ಟು ಮಾಡಿದ್ದೇವೆ. ಒಂದೇ ತೆರನಾದವನ್ನು ಕೂಡಿಸಿ ಒಂದೇ ಉತ್ತರ ಕೊಟ್ಟಿದ್ದೇವೆ. ಪ್ರಶ್ನೆಗಳನ್ನು ಓದುಗರ ಮಾತಿನಲ್ಲೇ ಬಿಟ್ಟಿದ್ದೇವೆ.

ಪ್ರಶ್ನೆ: ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಡಾಕತ್ತಿದ್ದೆ. ಸೇವ್ ಒತ್ತಿದ ಟೈಮಿಗೇ ಕರೆಂಟ್ ಹೋತು. ಮತ್ತ ಚಾಲೂ ಮಾಡಿ ನೋಡಿದ್ರ ಆ ಸ್ಲಾಟ್ ತೆರೀವಲ್ದು. ಅರ್ಧಕ್ಕಿಂತ ಹೆಚ್ಚು ಮಿಷನ್ ಮುಗಿಸಿದ್ದೆ, ಎಲ್ಲಾ ನೀರಾಗ ಹೋಮ ಆತು. ವಾಪಸ್ ತರಾಕ ದಾರಿ ಐತೇನ್ರಿ? — ಐಟಿಐ ವಿದ್ಯಾರ್ಥಿ, ಗೋಕಾಕ

ಉತ್ತರ: ಮೊದಲು ಆ ಫೈಲಿನ ಗಾತ್ರ ನೋಡಿ. ಡಾಕ್ಯುಮೆಂಟ್ಸ್ ಒಳಗೆ ‘ಜಿಟಿಎ ಸ್ಯಾನ್ ಆಂಡ್ರಿಯಾಸ್ ಯೂಸರ್ ಫೈಲ್ಸ್’ ಎಂಬ ಫೋಲ್ಡರ್ ಇರುತ್ತದೆ. ಅದರೊಳಗೆ ಹೆಸರಿನ ಕೊನೆಗೆ 1ರಿಂದ 8ರವರೆಗೆ ಅಂಕಿ ಇರುವ ಫೈಲುಗಳೇ ನಿಮ್ಮ ಎಂಟು ಸ್ಲಾಟುಗಳು. ಈ ಗೇಮ್‌ನಲ್ಲಿ ಎಲ್ಲ ಸೇವ್ ಫೈಲುಗಳ ಗಾತ್ರವೂ ಒಂದೇ. ಕೆಟ್ಟ ಸ್ಲಾಟಿನದು ಉಳಿದವುಗಳಿಗಿಂತ ಚಿಕ್ಕದಿದ್ದರೆ ಅಥವಾ 0 ಕೆಬಿ ತೋರಿಸಿದರೆ ಬರೆಯುವುದು ಅರ್ಧಕ್ಕೇ ನಿಂತಿದೆ. ಇಂಥ ಫೈಲನ್ನು ಯಾವ ರಿಪೇರಿ ಸಾಫ್ಟ್‌ವೇರೂ ಸರಿ ಮಾಡಲಾರದು, ಏಕೆಂದರೆ ಅದರಲ್ಲಿ ಇರಬೇಕಾದ ಮಾಹಿತಿ ಡಿಸ್ಕಿಗೆ ತಲುಪಿಯೇ ಇಲ್ಲ.

ಆದರೂ ಎರಡು ಕಡೆ ಹುಡುಕಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಪ್ರೀವಿಯಸ್ ವರ್ಷನ್ಸ್’ ಟ್ಯಾಬ್ ತೆರೆಯಿರಿ. ವಿಂಡೋಸ್‌ನ ಫೈಲ್ ಹಿಸ್ಟರಿ ಅಥವಾ ರಿಸ್ಟೋರ್ ಪಾಯಿಂಟ್ ಚಾಲೂ ಇದ್ದರೆ ಹಳೆಯ ಪ್ರತಿ ಅಲ್ಲಿ ಸಿಗಬಹುದು. ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್‌ಗೆ ಸೇರಿದ್ದರೆ ಬ್ರೌಸರ್‌ನಲ್ಲಿ ಒನ್‌ಡ್ರೈವ್ ತೆರೆದು ಅದೇ ಫೈಲಿನ ವರ್ಷನ್ ಹಿಸ್ಟರಿ ನೋಡಿ. ಎರಡೂ ಕಡೆ ಸಿಗದಿದ್ದರೆ ಆ ಸ್ಲಾಟ್ ಹೋದದ್ದು ಹೋದದ್ದೇ.

ಹೀಗೇಕೆ ಆಗುತ್ತದೆ ಎಂದರೆ, ಹಳೆಯ ಗೇಮುಗಳು ಇದ್ದ ಫೈಲನ್ನೇ ತೆರೆದು, ಖಾಲಿ ಮಾಡಿ, ಅದರ ಮೇಲೆಯೇ ಹೊಸದನ್ನು ಬರೆಯುತ್ತವೆ. ಖಾಲಿಯಾದ ಮೇಲೆ, ಬರೆದು ಮುಗಿಯುವ ಮೊದಲು ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಈಚಿನ ಒಳ್ಳೆಯ ಗೇಮುಗಳು ಬೇರೆ ಹೆಸರಿನ ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗದಲ್ಲಿ ಕೂರಿಸುತ್ತವೆ. ಅವುಗಳಲ್ಲಿ ನಡುವೆ ಕರೆಂಟ್ ಹೋದರೆ ಹಳೆಯ ಸೇವ್ ಆದರೂ ಉಳಿಯುತ್ತದೆ. ಇನ್ನೊಂದು ಮಾತು: ಪರದೆಯ ಮೇಲೆ ‘ಸೇವ್ ಆಯಿತು’ ಎಂದು ಬಂದ ಮೇಲೂ ವಿಂಡೋಸ್ ಆ ಮಾಹಿತಿಯನ್ನು ಕೆಲವು ಸೆಕೆಂಡು ರ‍್ಯಾಮ್‌ನಲ್ಲೇ ಇಟ್ಟುಕೊಂಡಿರಬಹುದು. ಸೇವ್ ಮಾಡಿದ ಕೂಡಲೇ ಗೋಡೆಯ ಸ್ವಿಚ್ ಆರಿಸುವ ಚಟ ಇರುವವರು ಇದನ್ನು ಗಮನಿಸಬೇಕು.

ನಿಮಗೆ ಎಂಟು ಸ್ಲಾಟ್ ಕೊಟ್ಟಿರುವಾಗ ಒಂದನ್ನೇ ಬಳಸಿದ್ದು ನಷ್ಟದ ಮೂಲ. 1, 2, 3 — ಸರದಿಯ ಮೇಲೆ ಸೇವ್ ಮಾಡುತ್ತ ಹೋಗಿ, ಮತ್ತೆ 1ಕ್ಕೆ ಬನ್ನಿ. ಆಗ ಎಂಥ ಕೆಟ್ಟ ಗಳಿಗೆಯಲ್ಲಿ ಕರೆಂಟ್ ಹೋದರೂ ಹೋಗುವುದು ಒಂದು ಸರದಿಯ ಆಟ ಮಾತ್ರ. 8ನೇ ಸ್ಲಾಟನ್ನು ಒಂದು ಊರಿನ ಮಿಷನ್‌ಗಳೆಲ್ಲ ಮುಗಿದಾಗ ಮಾತ್ರ ಮುಟ್ಟಿ.

ಪ್ರಶ್ನೆ: ಮನೆಯಲ್ಲಿ ಇನ್ವರ್ಟರ್ ಇದೆ. ಆದರೂ ಕರೆಂಟ್ ಹೋದಾಗ ಫ್ಯಾನು, ಲೈಟು ಉಳಿಯುತ್ತವೆ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಇನ್ವರ್ಟರ್ ಕೆಟ್ಟಿದೆಯೇ? — ಮುಧೋಳ

ಉತ್ತರ: ಕೆಟ್ಟಿರಲಿಕ್ಕಿಲ್ಲ. ಕರೆಂಟಿನಿಂದ ಬ್ಯಾಟರಿಗೆ ಬದಲಾಗಲು ಇನ್ವರ್ಟರ್‌ಗೆ ಚೂರು ಸಮಯ ಬೇಕು. ಕಂಪ್ಯೂಟರಿನ ಪವರ್ ಸಪ್ಲೈ ತನ್ನೊಳಗಿನ ಕೆಪಾಸಿಟರ್ ಬಲದ ಮೇಲೆ ಪೂರ್ತಿ ಲೋಡ್‌ನಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆದುಕೊಳ್ಳುತ್ತದೆ. ಬದಲಾವಣೆ ಅದಕ್ಕಿಂತ ತಡವಾದರೆ ರೀಸ್ಟಾರ್ಟ್. ಇನ್ವರ್ಟರ್‌ನ ಹಿಂದೆ ಅಥವಾ ಮುಂದೆ ‘ಇಕೋ/ಯುಪಿಎಸ್’ ಎಂಬ ಸ್ವಿಚ್ ಇದೆಯೇ ನೋಡಿ. ಇಕೋ ಕಡೆ ಇದ್ದರೆ ಯುಪಿಎಸ್ ಕಡೆ ತಿರುಗಿಸಿ. ಅಷ್ಟರಿಂದಲೇ ಬಹಳ ಮನೆಗಳಲ್ಲಿ ತೊಂದರೆ ನಿಲ್ಲುತ್ತದೆ. ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಈಗಿನ ಗೇಮಿಂಗ್ ಪವರ್ ಸಪ್ಲೈಗಳಿಗೆ ಅದು ಒಗ್ಗುವುದಿಲ್ಲ, ಸೈನ್ ವೇವ್ ಇರುವುದೇ ಬೇಕು.

ಇದಾವುದೂ ಆಗದಿದ್ದರೆ ಕಂಪ್ಯೂಟರಿಗೆ ಮಾತ್ರ ಒಂದು ಸಣ್ಣ ಯುಪಿಎಸ್ ಹಾಕಿ. ಲೆಕ್ಕ ಹೀಗೆ: ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಹೊರುತ್ತದೆ. ಅದರೊಳಗೆ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ, ಅಂದರೆ 84 ವ್ಯಾಟ್-ಅವರ್. ಕಂಪ್ಯೂಟರ್, ಮಾನಿಟರ್ ಎರಡೂ ಸೇರಿ 200 ವ್ಯಾಟ್ ಎಳೆದರೆ ಕಾಗದದ ಮೇಲೆ 25 ನಿಮಿಷ ಬರಬೇಕು. ಆದರೆ ಇಷ್ಟು ಜೋರಾಗಿ ಎಳೆದಾಗ ಲೆಡ್ ಆಸಿಡ್ ಬ್ಯಾಟರಿ ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ. ಐದರಿಂದ ಎಂಟು ನಿಮಿಷ ಎಂದಿಟ್ಟುಕೊಳ್ಳಿ. ಸೇವ್ ಮಾಡಿ ಕಂಪ್ಯೂಟರ್ ಬಂದ್ ಮಾಡಲು ಅಷ್ಟು ಸಾಕು, ಇನ್ನೊಂದು ಮ್ಯಾಚ್ ಆಡಲು ಸಾಲದು. ಮಾನಿಟರನ್ನೂ ಯುಪಿಎಸ್‌ಗೇ ಜೋಡಿಸಿ. ಪರದೆ ಕತ್ತಲಾದರೆ ಸೇವ್ ಒತ್ತುವುದೆಲ್ಲಿ?

ನಮ್ಮ ಕಡೆಯ ಬೇಸಿಗೆ ಈ ಬ್ಯಾಟರಿಗಳ ಶತ್ರು. 25 ಡಿಗ್ರಿಗಿಂತ ಮೇಲೆ ಪ್ರತಿ 8–10 ಡಿಗ್ರಿಗೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತ ಹೋಗುತ್ತದೆ. ತಗಡಿನ ಮಾಳಿಗೆಯ ಕೋಣೆಯಲ್ಲಿ ಇಡಬೇಡಿ. ಮಾರ್ಚ್ ಬರುವ ಮುಂಚೆ ಒಮ್ಮೆ ಪ್ಲಗ್ ಕಿತ್ತು ಎಷ್ಟು ನಿಮಿಷ ನಡೆಯುತ್ತದೆ ಎಂದು ನೋಡಿಟ್ಟುಕೊಳ್ಳಿ. ಹಾಗೆ ನೋಡುವಾಗ ಗೇಮ್ ಚಾಲೂ ಇರದಿರಲಿ.

ಪ್ರಶ್ನೆ: ಸ್ಕೈರಿಮ್‌ನಲ್ಲಿ ನಿಮಿಷಕ್ಕೊಮ್ಮೆ ಎಫ್5 ಒತ್ತುವುದು ನನ್ನ ರೂಢಿ. ಈಗ ಬೆಟ್ಟದಿಂದ ಬೀಳುತ್ತಿರುವಾಗಲೇ ಸೇವ್ ಆಗಿಬಿಟ್ಟಿದೆ. ಎಫ್9 ಒತ್ತಿದರೆ ಬಿದ್ದು ಸಾಯುವುದು, ಮತ್ತೆ ಎಫ್9, ಮತ್ತೆ ಸಾವು. ಎಷ್ಟು ಸಲ ಸೇವ್ ಮಾಡಬೇಕು, ಎಲ್ಲಿ ಮಾಡಬೇಕು? — ಇಂಜಿನಿಯರಿಂಗ್ ವಿದ್ಯಾರ್ಥಿ, ಉದ್ಯಮಬಾಗ, ಬೆಳಗಾವಿ

ಉತ್ತರ: ಲೋಡ್ ಮೆನುವಿಗೆ ಹೋಗಿ ‘ಆಟೋಸೇವ್’ ಹುಡುಕಿ. ಸ್ಕೈರಿಮ್ ಮೂರು ಆಟೋಸೇವ್‌ಗಳನ್ನು ಸರದಿಯ ಮೇಲೆ ಇಟ್ಟುಕೊಂಡಿರುತ್ತದೆ. ನೀವು ಕೊನೆಯ ಸಲ ಬಾಗಿಲು ದಾಟಿದ್ದು, ಮಲಗಿ ಎದ್ದದ್ದು ಅಥವಾ ಬೇಗ-ಪ್ರಯಾಣ ಮಾಡಿದ್ದು ಅಲ್ಲಿ ಸಿಗುತ್ತದೆ. ಬೆಟ್ಟದಿಂದ ಅಲ್ಲಿಗೆ ಪಾರಾಗಿ.

ಎಫ್5ರ ಕ್ವಿಕ್‌ಸೇವ್ ಪ್ರತಿ ಸಲವೂ ಹಿಂದಿನದರ ಮೇಲೆಯೇ ಬರೆಯುತ್ತದೆ. ಅದು ಒಂದೇ ಒಂದು ಸ್ಲಾಟ್. ಎಷ್ಟು ಸಲ ಒತ್ತಿದರೂ ನಿಮ್ಮ ಬಳಿ ಇರುವುದು ಒಂದು ಪ್ರತಿ, ಅದೂ ಕೊನೆಯದು. ಹೀಗಾಗಿ ಪದೇ ಪದೇ ಒತ್ತುವುದರಿಂದ ಭದ್ರತೆ ಹೆಚ್ಚುವುದಿಲ್ಲ, ಕೆಟ್ಟ ಗಳಿಗೆಯಲ್ಲಿ ಒತ್ತಿಬಿಡುವ ಸಾಧ್ಯತೆಯೇ ಹೆಚ್ಚುತ್ತದೆ. ಕ್ವಿಕ್‌ಸೇವ್ ಜಗಳಕ್ಕೆ ಮುಂಚೆ, ಬೀಗ ತೆಗೆಯುವ ಮುಂಚೆ; ನೆಲದ ಮೇಲೆ ನಿಂತಿರುವಾಗ, ಯಾರೂ ಬಾಣ ಬಿಡದಿರುವಾಗ. ಮೆನುವಿಗೆ ಹೋಗಿ ಹೊಸ ಸೇವ್ ಮಾಡುವುದು ಅರ್ಧ ಗಂಟೆಗೊಮ್ಮೆ, ಊರು ಬಿಡುವಾಗ, ದೊಡ್ಡ ಕ್ವೆಸ್ಟ್ (ಮಿಷನ್) ಹಿಡಿಯುವ ಮುಂಚೆ, ಹಿಂದಿರುಗಲು ಬಾರದ ಬಾಗಿಲಿನ ಮುಂದೆ. ಸ್ಕೈರಿಮ್‌ನಲ್ಲಿ ಹೀಗೆ ಮಾಡಿದ ಪ್ರತಿ ಸೇವ್ ಬೇರೆಯೇ ಫೈಲು. ಕೊನೆಯ ಹತ್ತು-ಹದಿನೈದನ್ನು ಇಟ್ಟುಕೊಂಡು ಉಳಿದವನ್ನು ಅಳಿಸಿದರೂ ನಡೆಯುತ್ತದೆ. ಆದರೆ ಆಟದ ಆರಂಭದ್ದು ಒಂದು, ನಡುವಿನದು ಒಂದು ಇರಲಿ. ಕೆಲವು ಕ್ವೆಸ್ಟ್‌ಗಳ ದೋಷ ಹತ್ತು ತಾಸು ಆಡಿದ ಮೇಲೆ ಬೆಳಕಿಗೆ ಬರುತ್ತದೆ, ಆಗ ಹದಿನೈದು ಹೊಸ ಸೇವ್‌ಗಳಲ್ಲೂ ಅದೇ ದೋಷ ಕೂತಿರುತ್ತದೆ.

ಮಾಡ್ (ಗೇಮನ್ನು ಬದಲಿಸುವ ಹೊರಗಿನ ಸೇರ್ಪಡೆ) ಹಾಕಿ ಆಡುವವರಿಗೆ: ನಡುವೆ ಒಂದು ಮಾಡ್ ತೆಗೆದರೂ ಅದರ ಸ್ಕ್ರಿಪ್ಟ್‌ಗಳ ಅವಶೇಷ ಸೇವ್ ಫೈಲಿನಲ್ಲಿ ಉಳಿಯುತ್ತದೆ. ಮಾಡ್ ತೆಗೆಯಬೇಕಾದರೆ ಅದನ್ನು ಹಾಕುವ ಮೊದಲಿನ ಸೇವ್‌ಗೆ ಹಿಂದಿರುಗಿ.

ಪ್ರಶ್ನೆ: ಎಕ್ಸ್‌ಕಾಂ: ಎನಿಮಿ ಅನ್‌ನೋನ್‌ನಲ್ಲಿ 95% ತೋರಿಸುವ ಗುಂಡು ತಪ್ಪುತ್ತದೆ. ಲೋಡ್ ಮಾಡಿ ಮತ್ತೆ ಹೊಡೆದರೂ ತಪ್ಪುತ್ತದೆ. ಹತ್ತು ಸಲ ಮಾಡಿದರೂ ಅದೇ. ಆದರೆ ಬಾಲ್ಡರ್ಸ್ ಗೇಟ್ 3ರಲ್ಲಿ ಲೋಡ್ ಮಾಡಿದಾಗೆಲ್ಲ ದಾಳ ಬೇರೆ ಬೀಳುತ್ತದೆ. ಏನಿದು? ಜತೆಗೆ, ಹೀಗೆ ಲೋಡ್ ಮಾಡಿ ಆಡುವುದು ಮೋಸವೆಂದು ಗೆಳೆಯರು ಹೀಯಾಳಿಸುತ್ತಾರೆ. — ವಿಜಯಪುರ

ಉತ್ತರ: ಕಂಪ್ಯೂಟರ್ ನಿಜವಾದ ದಾಳ ಉರುಳಿಸುವುದಿಲ್ಲ. ‘ಸೀಡ್’ ಎಂಬ ಒಂದು ಸಂಖ್ಯೆಯಿಂದ ಶುರುಮಾಡಿ, ಸೂತ್ರದ ಮೂಲಕ ಒಂದರ ನಂತರ ಒಂದು ಸಂಖ್ಯೆ ಹುಟ್ಟಿಸುತ್ತದೆ. ಸೀಡ್ ಅದೇ ಇದ್ದರೆ ಬರುವ ಸಾಲೂ ಅದೇ. ನೀವು ಹೇಳಿದ ಎಕ್ಸ್‌ಕಾಂ, 2012ರ ಗೇಮ್, ಈ ಸೀಡನ್ನು ಸೇವ್ ಫೈಲಿನೊಳಗೇ ಬರೆದಿಡುತ್ತದೆ. ಆದ್ದರಿಂದ ಲೋಡ್ ಮಾಡಿ ಅದೇ ಸೈನಿಕನಿಂದ ಅದೇ ಗುಂಡು ಹೊಡೆಸಿದರೆ ಸಾಲಿನ ಅದೇ ಸಂಖ್ಯೆ ಸಿಗುತ್ತದೆ, ಅದೇ ತಪ್ಪುತ್ತದೆ. ನೂರು ಸಲ ಮಾಡಿದರೂ ಬದಲಾಗದು.

ಬದಲಾಗಬೇಕೆಂದರೆ ಕ್ರಮ ಬದಲಿಸಬೇಕು. ಮೊದಲು ಬೇರೆ ಸೈನಿಕನಿಂದ ಹೊಡೆಸಿ. ಸಾಲಿನ ಆ ಕೆಟ್ಟ ಸಂಖ್ಯೆ ಅವನ ಪಾಲಿಗೆ ಹೋಗುತ್ತದೆ, ನಿಮ್ಮ 95% ಗುಂಡಿಗೆ ಮುಂದಿನದು ಬರುತ್ತದೆ. ಹೇಗೂ ತಪ್ಪುವ ಸಾಧ್ಯತೆ ಹೆಚ್ಚಿರುವ ದೂರದ ಹೊಡೆತವನ್ನು ಮುಂದೆ ಬಿಡುವುದು ಜಾಣತನ. ಇದೂ ಬೇಡವೆಂದರೆ, ಇದೇ ಗೇಮಿನ ‘ಎನಿಮಿ ವಿದಿನ್’ ವಿಸ್ತರಣೆಯಲ್ಲಿ ಹೆಚ್ಚುವರಿ ಆಯ್ಕೆಗಳ ‘ಸೆಕೆಂಡ್ ವೇವ್’ ಪಟ್ಟಿಯಲ್ಲಿ ‘ಸೇವ್ ಸ್ಕಮ್’ ಎಂಬ ಆಯ್ಕೆಯೇ ಇದೆ. ಅದನ್ನು ಚಾಲೂ ಮಾಡಿದರೆ ಪ್ರತಿ ಲೋಡ್‌ಗೂ ಹೊಸ ಸೀಡ್. ಮಾಡಿದವರೇ ಕೊಟ್ಟ ಆಯ್ಕೆಯನ್ನು ಮೋಸ ಎನ್ನುವುದು ಹೇಗೆ ಎಂದು ನಿಮ್ಮ ಗೆಳೆಯರನ್ನು ಕೇಳಿ ನೋಡಿ.

2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಮಾತು ಫಲಿಸಿತೇ ಎಂದು ನಿರ್ಧರಿಸುವ ದಾಳ ಲೋಡ್ ಆದ ಮೇಲೆ ಹೊಸದಾಗಿಯೇ ಉರುಳುತ್ತದೆ. ಅಲ್ಲಿ ಲೆಕ್ಕ ಹಾಕಿ ಲೋಡ್ ಮಾಡಿ. ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಹೆಚ್ಚು ಬೇಕಿದ್ದರೆ ಆರು ಮುಖ ನಿಮ್ಮ ಕಡೆ, ಅಂದರೆ 30%. ಸರಾಸರಿ ಮೂರು ಚಿಲ್ಲರೆ ಪ್ರಯತ್ನ ಬೇಕು. ಆದರೂ ಐದು ಸಲವೂ ಸೋಲುವ ಸಾಧ್ಯತೆ ಸುಮಾರು 17% ಉಳಿದೇ ಇರುತ್ತದೆ. 20 ಬಿದ್ದರೆ ಮಾತ್ರ ಗೆಲುವು ಎಂದಾದರೆ ಇಪ್ಪತ್ತು ಸಲ ಲೋಡ್ ಮಾಡಿದರೂ ಒಮ್ಮೆಯಾದರೂ ಬೀಳುವ ಸಾಧ್ಯತೆ 64% ಅಷ್ಟೇ. ಒಂದು ಲೋಡ್‌ಗೆ 20 ಸೆಕೆಂಡ್ ಹಿಡಿದರೂ ಏಳು ನಿಮಿಷ ಕಪ್ಪು ಪರದೆ ನೋಡುತ್ತ ಕೂಡಬೇಕು. ಅದರ ಬದಲು ದಾಳದ ಮುಂಚೆ ‘ಗೈಡನ್ಸ್’ ಮಂತ್ರ ಹಾಕಿಸಿ. ನಾಲ್ಕು ಮುಖದ ಇನ್ನೊಂದು ದಾಳ ಕೂಡುತ್ತದೆ, ಸರಾಸರಿ ಎರಡೂವರೆ ಅಂಕ. ಮಾತಿನಲ್ಲಿ ಪಳಗಿದ ಪಾತ್ರವನ್ನು ಮುಂದೆ ಬಿಟ್ಟರೆ ಇನ್ನೂ ನಾಲ್ಕೈದು. ಬೇಕಾದದ್ದು 15ರಿಂದ 8–9ಕ್ಕೆ ಇಳಿಯಿತು, ಅಂದರೆ 60 ಪರ್ಸೆಂಟ್ ಆಚೆ. ಇನ್‌ಸ್ಪಿರೇಷನ್ ಪಾಯಿಂಟ್ ಇದ್ದರೆ ಲೋಡ್ ಮಾಡದೆಯೇ ಮತ್ತೆ ಉರುಳಿಸಬಹುದು. ಅದನ್ನು ನಾಲ್ಕಕ್ಕಿಂತ ಹೆಚ್ಚು ಕೂಡಿಡಲು ಬರುವುದಿಲ್ಲ, ಹಾಗಾಗಿ ಜಿಪುಣತನ ಮಾಡಿ ಲಾಭವಿಲ್ಲ. ಅಂದಹಾಗೆ ಇಲ್ಲಿ ಕ್ವಿಕ್‌ಸೇವ್ ಎಫ್5, ಕ್ವಿಕ್‌ಲೋಡ್ ಎಫ್8. ಸ್ಕೈರಿಮ್‌ನಿಂದ ಬಂದವರ ಬೆರಳು ಎಫ್9 ಹುಡುಕುತ್ತದೆ.

ಇನ್ನು ಮೋಸದ ಮಾತು. ಸೇವ್ ಎರಡು ಕೆಲಸಕ್ಕೆ ಬರುತ್ತದೆ: ಕರೆಂಟು, ಕ್ರ್ಯಾಷು, ಬಗ್ ಇವುಗಳಿಂದ ಕಾಯುವುದು ಒಂದು; ನಿಮ್ಮದೇ ನಿರ್ಧಾರವನ್ನು ಹಿಂದೆ ಪಡೆಯುವುದು ಇನ್ನೊಂದು. ಮೊದಲನೆಯದಕ್ಕೆ ಎಷ್ಟು ಸೇವ್ ಮಾಡಿದರೂ ಯಾರೂ ಬೆರಳು ತೋರಿಸಬಾರದು. ಎರಡನೆಯದಕ್ಕೆ ಗೇಮ್ ನೋಡಿ ಹೇಳಬೇಕು. ಒಬ್ಬರೇ ಆಡುವ, ಕಥೆ ಮುಖ್ಯವಾದ ಗೇಮ್‌ನಲ್ಲಿ ಲೋಡ್ ಮಾಡಿ ಬೇರೆ ದಾರಿ ನೋಡುವುದರಲ್ಲಿ ತಪ್ಪೇನಿಲ್ಲ. ಎಕ್ಸ್‌ಕಾಂನಂಥದ್ದರಲ್ಲಿ ಸೈನಿಕ ಸತ್ತಾಗೆಲ್ಲ ಲೋಡ್ ಮಾಡಿದರೆ ಆಟ ಕಲಿಸಬೇಕಾದದ್ದನ್ನು ಕಲಿಯುವುದಿಲ್ಲ. ಆಟದೊಳಗಿನ ಮೂರನೇ ತಿಂಗಳ ಹೊತ್ತಿಗೆ ಬರುವ ಶತ್ರುಗಳ ಮುಂದೆ ಲೋಡ್ ಬಟನ್ ಕೂಡ ಕೈಕೊಡುತ್ತದೆ, ಏಕೆಂದರೆ ಆಗ ತಪ್ಪಿರುವುದು ಒಂದು ಗುಂಡಲ್ಲ, ಇಡೀ ಸಿದ್ಧತೆ.

ಗೇಮ್ ಮಾಡುವವರೂ ಇದರ ಮೇಲೆ ತಲೆ ಓಡಿಸಿದ್ದಾರೆ. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಟೈಪ್‌ರೈಟರ್ ಹತ್ತಿರ ಹೋಗಿ ಇಂಕ್ ರಿಬ್ಬನ್ ಖರ್ಚು ಮಾಡಿದರೆ ಮಾತ್ರ ಸೇವ್. 2018ರ ಕಿಂಗ್‌ಡಮ್ ಕಮ್: ಡೆಲಿವರೆನ್ಸ್‌ನಲ್ಲಿ ಬೇಕೆಂದಲ್ಲಿ ಸೇವ್ ಮಾಡಲು ಒಂದು ಬಗೆಯ ಮದ್ಯ ಕುಡಿಯಬೇಕು, ಹೆಚ್ಚು ಕುಡಿದರೆ ಪಾತ್ರಕ್ಕೇ ಅಮಲು. ನೆಟ್‌ಹ್ಯಾಕ್ ಎಂಬ ಹಳೆಯ ಗೇಮ್ ಸೇವ್ ತೆರೆದ ಕೂಡಲೇ ಆ ಫೈಲನ್ನು ಅಳಿಸುತ್ತದೆ, ಸತ್ತರೆ ಹಿಂದಿರುಗಲು ಏನೂ ಉಳಿದಿರುವುದಿಲ್ಲ. ಡಾರ್ಕ್ ಸೋಲ್ಸ್ ತಾನೇ ಎಡೆಬಿಡದೆ ಸೇವ್ ಮಾಡುತ್ತಿರುತ್ತದೆ, ಆಲ್ಟ್+ಎಫ್4 ಒತ್ತಿ ಓಡಿಹೋಗುವ ಉಪಾಯ ಅಲ್ಲಿ ನಡೆಯದು.

ಎಕ್ಸ್‌ಕಾಂನ ಐರನ್‌ಮ್ಯಾನ್, ಬಾಲ್ಡರ್ಸ್ ಗೇಟ್ 3ರ ಆನರ್ ಮೋಡ್ — ಇವುಗಳಲ್ಲಿ ಒಂದೇ ಸೇವ್. ಈ ಒಂದು ಫೈಲು ಕೆಟ್ಟರೆ ಎಲ್ಲವೂ ಮುಗಿಯಿತು. ಹಾಗಾಗಿ ದಿನಕ್ಕೊಮ್ಮೆ, ಗೇಮ್ ಬಂದ್ ಮಾಡಿದ ಮೇಲೆ, ಸೇವ್ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಡಿ. ಬಗ್‌ನಿಂದ ಕೆಟ್ಟರೆ ಬಳಸಿ, ಸೋತರೆ ಬಳಸಬೇಡಿ. ಕಾಯುವವರು ಯಾರೂ ಇಲ್ಲ, ನಿಮಗೆ ನೀವೇ ಅಂಪೈರ್.

ಪ್ರಶ್ನೆ: ಗೇಮಿಂಗ್ ಕೆಫೆಯಲ್ಲಿ ಆಡುತ್ತೇನೆ. ಮರುದಿನ ಅದೇ ಕಂಪ್ಯೂಟರಿಗೆ ಹೋದರೂ ಸೇವ್ ಇರುವುದಿಲ್ಲ. ಯಾರೋ ಅಳಿಸುತ್ತಾರೆಯೇ? — ಪದವಿ ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ

ಉತ್ತರ: ಯಾರೂ ಕೈಯಾರೆ ಅಳಿಸುತ್ತಿರಲಿಕ್ಕಿಲ್ಲ. ಕೆಫೆಗಳಲ್ಲಿ ರೀಸ್ಟಾರ್ಟ್ ಮಾಡಿದಾಗೆಲ್ಲ ಡಿಸ್ಕನ್ನು ಮೊದಲಿನ ಸ್ಥಿತಿಗೆ ತರುವ ಸಾಫ್ಟ್‌ವೇರ್ ಹಾಕಿರುವುದುಂಟು. ವೈರಸ್ ಕಾಟ ತಪ್ಪುತ್ತದೆ, ಜತೆಗೆ ನಿಮ್ಮ ಸೇವ್ ಕೂಡ ಹೋಗುತ್ತದೆ.

ನಿಮ್ಮದೇ ಸ್ಟೀಮ್ (ಗೇಮ್ ಮಾರುವ ಆನ್‌ಲೈನ್ ಅಂಗಡಿ) ಅಕೌಂಟ್‌ನಲ್ಲಿ ಆಡುವುದಾದರೆ ಆ ಗೇಮಿನ ಸ್ಟೋರ್ ಪುಟದಲ್ಲಿ ‘ಸ್ಟೀಮ್ ಕ್ಲೌಡ್’ ಎಂದಿದೆಯೇ ನೋಡಿ. ಎಲ್ಲ ಗೇಮಿಗೂ ಇರುವುದಿಲ್ಲ. ಇದ್ದರೆ, ಗೇಮ್ ಬಂದ್ ಮಾಡಿದ ಮೇಲೆ ಸ್ಟೀಮ್ ಸೇವ್‌ಗಳನ್ನು ಮೇಲೆ ಕಳಿಸುತ್ತದೆ. ಲೈಬ್ರರಿಯಲ್ಲಿ ಕ್ಲೌಡ್ ಗುರುತು ಸಿಂಕ್ ಮುಗಿಯಿತೆಂದು ತೋರಿಸುವವರೆಗೆ ಕಾಯಿರಿ. ಟೈಮ್ ಮುಗಿಯಿತೆಂದು ಕೆಫೆಯವರು ಪರದೆ ಲಾಕ್ ಮಾಡುವ ಐದು ನಿಮಿಷ ಮುಂಚೆಯೇ ಗೇಮ್‌ನಿಂದ ಹೊರಗೆ ಬನ್ನಿ. ಕ್ಲೌಡ್ ಇಲ್ಲದ ಗೇಮಿಗೆ ಪೆನ್‌ಡ್ರೈವ್ ಒಯ್ಯಿರಿ. ಸೇವ್ ಫೋಲ್ಡರ್ ಹುಡುಕಬೇಕಾದ ಜಾಗಗಳು: ಡಾಕ್ಯುಮೆಂಟ್ಸ್, ಅದರೊಳಗಿನ ‘ಮೈ ಗೇಮ್ಸ್’, ಯೂಸರ್ ಫೋಲ್ಡರಿನ ‘ಸೇವ್ಡ್ ಗೇಮ್ಸ್’, ಕೊನೆಗೆ ಅಡಗಿಸಿಟ್ಟ ‘ಆ್ಯಪ್‌ಡೇಟಾ’ದ ಲೋಕಲ್ ಮತ್ತು ರೋಮಿಂಗ್. ಗೇಮ್ ಆರಂಭಿಸುವ ಮುಂಚೆ ಫೋಲ್ಡರನ್ನು ಅಲ್ಲಿಗೆ ಹಾಕಿ, ಮುಗಿದ ಮೇಲೆ ಮರಳಿ ಪೆನ್‌ಡ್ರೈವ್‌ಗೆ ತನ್ನಿ.

ಯಾವಾಗಲಾದರೂ ಸ್ಟೀಮ್ ‘ಕ್ಲೌಡ್‌ನದು ಬೇಕೋ, ಈ ಕಂಪ್ಯೂಟರಿನದು ಬೇಕೋ’ ಎಂದು ಕೇಳಿದರೆ ಅವಸರದಲ್ಲಿ ಒತ್ತಬೇಡಿ. ಒಂದನ್ನು ಆರಿಸಿದರೆ ಇನ್ನೊಂದು ಅಳಿಯುತ್ತದೆ. ಮೊದಲು ಕಂಪ್ಯೂಟರಿನದನ್ನು ಕಾಪಿ ಮಾಡಿಕೊಂಡು, ಆಮೇಲೆ ದಿನಾಂಕ ನೋಡಿ ಆರಿಸಿ. ಕಂಪ್ಯೂಟರಿನ ಗಡಿಯಾರ ತಪ್ಪಿದ್ದರೆ ಈ ದಿನಾಂಕವನ್ನೂ ನಂಬುವಂತಿಲ್ಲ. ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಸತ್ತ ಹಳೆಯ ಯಂತ್ರಗಳು ಪ್ರತಿ ಸಲ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ಕೂರುತ್ತವೆ.

ಪ್ರಶ್ನೆ: ಮಗ ಫೋನಿನ್ಯಾಗ ಮೈನ್‌ಕ್ರಾಫ್ಟ್ ಆಡಿ ದೊಡ್ಡ ಊರೇ ಕಟ್ಟಿದ್ದ. ಜಾಗ ಇಲ್ಲಂತ ನಾನು ಆ ಆ್ಯಪ್ ತೆಗೆದು ಮತ್ತ ಹಾಕಿದೆ. ಈಗ ಏನೂ ಇಲ್ಲ, ಎರಡು ದಿನ ಆತು ನನ್ನ ಜೋಡಿ ಮಾತ ಬಿಟ್ಟಾನ. ಏನಾರ ಉಪಾಯ ಐತೇನ್ರಿ? — ತಾಯಿ, ನವನಗರ, ಬಾಗಲಕೋಟೆ

ಉತ್ತರ: ಅಕ್ಕಾರ, ಆ ಊರು ಮರಳಿ ಬರುವುದಿಲ್ಲ. ಫೋನಿನ ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಿದ್ದು ಆ್ಯಪಿನ ಒಳಗಿನ ಜಾಗದಲ್ಲಿ ಕೂತಿರುತ್ತದೆ, ಆ್ಯಪ್ ತೆಗೆದರೆ ಜತೆಗೇ ಹೋಗುತ್ತದೆ. ಅಕೌಂಟಿಗೆ ಲಾಗಿನ್ ಆಗಿದ್ದರೂ ಅಷ್ಟೇ. ಲಾಗಿನ್ ಉಳಿಸುವುದು ದುಡ್ಡು ಕೊಟ್ಟು ಕೊಂಡದ್ದನ್ನು, ಕಟ್ಟಿದ್ದನ್ನಲ್ಲ. ಇದನ್ನು ಮಗನಿಗೂ ಓದಿ ಹೇಳಿ, ಅವನಿಗೂ ಗೊತ್ತಿರಲಿಕ್ಕಿಲ್ಲ.

ಇನ್ನು ಮುಂದೆ ವಾರಕ್ಕೊಮ್ಮೆ ಹೀಗೆ ಮಾಡಿಸಿ: ವರ್ಲ್ಡ್‌ಗಳ ಪಟ್ಟಿಯಲ್ಲಿ ಅವನ ವರ್ಲ್ಡ್ ಪಕ್ಕದ ಪೆನ್ಸಿಲ್ ಗುರುತು ಒತ್ತಿ, ಕೆಳಗೆ ಸರಿಸಿ ‘ಎಕ್ಸ್‌ಪೋರ್ಟ್ ವರ್ಲ್ಡ್’ ಒತ್ತಿ. ಒಂದು ಫೈಲು ಸಿಗುತ್ತದೆ. ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ. ಬೇರೆ ಫೋನಿನಲ್ಲಿ ಆ ಫೈಲು ಒತ್ತಿದರೆ ಊರು ಹಾಗೇ ತೆರೆಯುತ್ತದೆ. ಕಂಪ್ಯೂಟರಿನ ಜಾವಾ ಆವೃತ್ತಿ ಆಡುವವರಿಗೆ ವರ್ಲ್ಡ್ ಆರಿಸಿ ‘ಎಡಿಟ್’ ಒತ್ತಿದರೆ ‘ಮೇಕ್ ಬ್ಯಾಕಪ್’ ಸಿಗುತ್ತದೆ.

ಫೋನಿನಲ್ಲಿ ಜಾಗ ಮಾಡಬೇಕಾದಾಗ ಆ್ಯಪ್ ಸೆಟ್ಟಿಂಗ್‌ನಲ್ಲಿ ‘ಕ್ಲಿಯರ್ ಕ್ಯಾಷ್’ ಒತ್ತಿದರೆ ಅಪಾಯವಿಲ್ಲ. ಅದರ ಪಕ್ಕದ ‘ಕ್ಲಿಯರ್ ಡೇಟಾ’ ಅಥವಾ ‘ಕ್ಲಿಯರ್ ಸ್ಟೋರೇಜ್’ ಒತ್ತಿದರೆ ಆ್ಯಪ್ ತೆಗೆದಷ್ಟೇ ನಷ್ಟ.

ಪ್ರಶ್ನೆ: ಪಿಪಿಎಸ್‌ಎಸ್‌ಪಿಪಿಯಲ್ಲಿ ಸೇವ್ ಸ್ಟೇಟ್ ಮಾಡುತ್ತ ಬಂದಿದ್ದೆ. ಆ್ಯಪ್ ಅಪ್‌ಡೇಟ್ ಆದ ಮೇಲೆ ಲೋಡ್ ಮಾಡಿದರೆ ಕ್ರ್ಯಾಷ್ ಆಗುತ್ತದೆ. — ಇಳಕಲ್

ಉತ್ತರ: ಪಿಪಿಎಸ್‌ಎಸ್‌ಪಿಪಿ ಒಂದು ಎಮ್ಯುಲೇಟರ್, ಅಂದರೆ ಸೋನಿಯ ಪಿಎಸ್‌ಪಿ ಯಂತ್ರದ ಗೇಮುಗಳನ್ನು ಫೋನು, ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್. ಸೇವ್ ಸ್ಟೇಟ್ ಎಂದರೆ ಎಮ್ಯುಲೇಟರ್ ಆ ಕ್ಷಣದಲ್ಲಿ ಯಂತ್ರದ ಇಡೀ ಮೆಮೊರಿಯ ಫೋಟೋ ತೆಗೆದಂತೆ. ಎಮ್ಯುಲೇಟರಿನ ಒಳರಚನೆ ಬದಲಾದರೆ ಹಳೆಯ ಫೋಟೋ ಹೊಸದಕ್ಕೆ ಹೊಂದದೇ ಹೋಗಬಹುದು. ಗೇಮಿನೊಳಗಿನ ಮೆನುವಿನಿಂದ ಮಾಡಿದ ಸೇವ್ ಹಾಗಲ್ಲ. ಅದು ಗೇಮ್ ತಾನೇ ಬರೆದದ್ದು, ಅಪ್‌ಡೇಟ್ ಆದರೂ ಫೋನ್ ಬದಲಿಸಿದರೂ ನಡೆಯುತ್ತದೆ. ಪಿಎಸ್‌ಪಿ ಫೋಲ್ಡರಿನೊಳಗೆ ‘ಸೇವ್‌ಡೇಟಾ’ ಎಂಬುದರಲ್ಲಿ ಗೇಮಿನದು, ‘ಪಿಪಿಎಸ್‌ಎಸ್‌ಪಿಪಿ_ಸ್ಟೇಟ್’ ಎಂಬುದರಲ್ಲಿ ಸ್ಟೇಟ್‌ಗಳು ಇರುತ್ತವೆ. ನಿಮ್ಮ ಹಳೆಯ ಆವೃತ್ತಿಯ ಎಪಿಕೆಯನ್ನು (ಆ್ಯಪ್ ಹಾಕುವ ಫೈಲು) ಪಿಪಿಎಸ್‌ಎಸ್‌ಪಿಪಿಯ ಸ್ವಂತ ತಾಣದಿಂದ ಇಳಿಸಿಕೊಂಡು, ಆ ಸ್ಟೇಟ್ ತೆರೆದು, ಗೇಮಿನ ಮೆನುವಿನಿಂದ ಸೇವ್ ಮಾಡಿ, ಮತ್ತೆ ಹೊಸದಕ್ಕೆ ಹೋಗಿ. ಆ್ಯಪ್ ತೆಗೆಯುವ ಮುಂಚೆ ಪಿಎಸ್‌ಪಿ ಫೋಲ್ಡರ್ ಪೂರ್ತಿ ಕಾಪಿ ಮಾಡಿಕೊಳ್ಳುವುದನ್ನು ಮರೆಯಬೇಡಿ.

ಗೇಮ್‌ಬಾಯ್‌ನಂಥ ಕ್ಯಾಟ್ರಿಡ್ಜ್ (ಯಂತ್ರಕ್ಕೆ ಸಿಕ್ಕಿಸುವ ಗೇಮ್ ಡಬ್ಬಿ) ಗೇಮುಗಳನ್ನು ಎಮ್ಯುಲೇಟರ್ ಓಡಿಸುವ ರೆಟ್ರೋಆರ್ಕ್‌ನಲ್ಲಿ ಆಡುವವರಿಗೆ ಇನ್ನೊಂದು ಅಪಾಯ ಕಾದಿದೆ. ಅಲ್ಲಿ ಸ್ಟೇಟ್‌ನೊಳಗೆ ಕ್ಯಾಟ್ರಿಡ್ಜ್‌ನ ಸೇವ್ ಮೆಮೊರಿಯೂ ಸೇರಿರುತ್ತದೆ. ನಿನ್ನೆ ಗೇಮಿನೊಳಗೆ ಸೇವ್ ಮಾಡಿ, ಇಂದು ಹೋದ ವಾರದ ಸ್ಟೇಟ್ ಲೋಡ್ ಮಾಡಿದರೆ ನಿನ್ನೆಯ ಸೇವ್ ಕೂಡ ಹೋದ ವಾರದ್ದಾಗಿಬಿಡಬಹುದು. ಲೋಡ್ ಮಾಡುವಾಗ ಸೇವ್‌ರ‍್ಯಾಮ್ (ಅಂದರೆ ಆ ಸೇವ್ ಮೆಮೊರಿ) ಮೇಲೆ ಬರೆಯದಂತೆ ತಡೆಯುವ ಆಯ್ಕೆ ಸೆಟ್ಟಿಂಗ್ಸ್‌ನ ಸೇವಿಂಗ್ ವಿಭಾಗದಲ್ಲಿದೆ. ಕಂಪ್ಯೂಟರ್‌ನಲ್ಲಿ ಎಫ್2 ಸ್ಟೇಟ್ ಸೇವ್, ಎಫ್4 ಲೋಡ್. ಎರಡರ ನಡುವೆ ಇರುವುದು ಒಂದೇ ಕೀ, ನಿದ್ದೆಗಣ್ಣಲ್ಲಿ ಜೋಪಾನ.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್. ಹಳೆಯ ಗೇಮುಗಳು ಓಡುತ್ತವೆ, ಸೇವ್ ಮಾತ್ರ ಆಗುವುದಿಲ್ಲ. ತಪ್ಪು ಏನೆಂದೂ ಹೇಳುವುದಿಲ್ಲ. — ಬಾದಾಮಿ

ಉತ್ತರ: ಮೂರು ಕಾರಣ ನೋಡಿ. ಒಂದು, ವಿಂಡೋಸ್ ಹಾಕುವಾಗ ನಿಮ್ಮ ಹೆಸರನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಸಿ ಡ್ರೈವ್‌ನ ಯೂಸರ್ಸ್ ಒಳಗಿನ ಫೋಲ್ಡರ್ ಹೆಸರೂ ಕನ್ನಡದಲ್ಲಿರಬಹುದು. ಯೂನಿಕೋಡ್ ಅರಿಯದ ಹಳೆಯ ಗೇಮುಗಳಿಗೆ ಆ ದಾರಿ ಓದಲು ಬಾರದು, ಫೈಲು ಹುಟ್ಟುವುದೇ ಇಲ್ಲ. ಅಕೌಂಟಿನ ತೋರಿಕೆಯ ಹೆಸರು ಬದಲಿಸಿದರೆ ಫೋಲ್ಡರಿನ ಹೆಸರು ಬದಲಾಗುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೊಸ ಲೋಕಲ್ ಅಕೌಂಟ್ ಮಾಡಿ, ಅದರಲ್ಲಿ ಆಡಿ ನೋಡಿ. ಕನ್ನಡದಲ್ಲಿ ಹೆಸರಿಟ್ಟದ್ದು ನಿಮ್ಮ ತಪ್ಪಲ್ಲ, ಇಪ್ಪತ್ತು ವರ್ಷದ ಹಿಂದೆ ಬರೆದವರ ಕಿರುನೋಟ.

ಎರಡು, ವಿಂಡೋಸ್ ಸೆಕ್ಯುರಿಟಿಯ ರ‍್ಯಾನ್ಸಮ್‌ವೇರ್ ರಕ್ಷಣೆಯಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಚಾಲೂ ಇದ್ದರೆ ಗೊತ್ತಿಲ್ಲದ ಪ್ರೋಗ್ರಾಮ್ ಡಾಕ್ಯುಮೆಂಟ್ಸ್‌ನಲ್ಲಿ ಬರೆಯದಂತೆ ಅದು ತಡೆಯುತ್ತದೆ. ಪೂರ್ತಿ ಆರಿಸಬೇಡಿ, ಅನುಮತಿ ಪಟ್ಟಿಗೆ ಆ ಗೇಮಿನ ಇಎಕ್ಸ್‌ಇ ಫೈಲು ಸೇರಿಸಿ. ಮೂರು, ಒನ್‌ಡ್ರೈವ್ ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ತನ್ನೊಳಗೆ ಸರಿಸಿಕೊಂಡಿದೆಯೇ ನೋಡಿ. ಒನ್‌ಡ್ರೈವ್ ಬ್ಯಾಕಪ್ ಆರಿಸಿದ ಮೇಲೆ ಹಳೆಯ ಸೇವ್ ಕಾಣದಿದ್ದರೆ ಗಾಬರಿ ಬೇಡ. ಒನ್‌ಡ್ರೈವ್ ಒಳಗಿನ ಡಾಕ್ಯುಮೆಂಟ್ಸ್‌ನಲ್ಲಿ ಇರುತ್ತವೆ, ಕಾಪಿ ಮಾಡಿ ತನ್ನಿ.

ಪ್ರಶ್ನೆ: ಪಿಎಸ್5 ಮಾರುವವನಿದ್ದೇನೆ. ಸೇವ್‌ಗಳನ್ನು ಪೆನ್‌ಡ್ರೈವ್‌ಗೆ ತೆಗೆದಿಡಬಹುದೇ? — ಚಿಕ್ಕೋಡಿ

ಉತ್ತರ: ಪಿಎಸ್4 ಗೇಮಿನ ಸೇವ್ ಮಾತ್ರ ಬಿಡಿಯಾಗಿ ಯುಎಸ್‌ಬಿಗೆ ಹೋಗುತ್ತದೆ. ಪಿಎಸ್5 ಗೇಮಿನದು ಹಾಗೆ ಹೋಗುವುದಿಲ್ಲ. ಪಿಎಸ್ ಪ್ಲಸ್ ಚಂದಾ ಇದ್ದರೆ ಕ್ಲೌಡ್‌ಗೆ ಕಳಿಸಬಹುದು, ಇಲ್ಲವೇ ಹೊಸ ಪಿಎಸ್5 ಮನೆಗೆ ಬಂದ ಮೇಲೆ ಎರಡನ್ನೂ ಒಂದೇ ವೈಫೈಗೆ ಜೋಡಿಸಿ ನೇರ ವರ್ಗಾಯಿಸಬಹುದು. ಈ ಎರಡನೆಯ ದಾರಿ ಹಿಡಿದರೆ ಮಾರುವ ಮುಂಚೆ ಕೊಳ್ಳಿ ಎಂದೇ ಅರ್ಥ.

ಪ್ರಶ್ನೆ: ಪದೇ ಪದೇ ಸೇವ್ ಮಾಡಿದರೆ ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಅಂತಾರೆ, ಖರೆ ಏನು? — ಸಿಂದಗಿ

ಉತ್ತರ: ಲೆಕ್ಕ ನೀವೇ ಮಾಡಿ. 10 ಎಂಬಿಯ ಸೇವ್, ನಿಮಿಷಕ್ಕೊಂದು, ದಿನಕ್ಕೆ ಮೂರು ತಾಸು: 1.8 ಜಿಬಿ. 300 ಟಿಬಿ ಬರೆಯುವ ಬಾಳಿಕೆ ಇರುವ 500 ಜಿಬಿ ಎಸ್‌ಎಸ್‌ಡಿಗೆ ಇದರಿಂದಲೇ ಸವೆಯಲು ನಾಲ್ಕುನೂರು ವರ್ಷ ದಾಟಬೇಕು. ಎಸ್‌ಎಸ್‌ಡಿ ತನ್ನೊಳಗೆ ನಿಜವಾಗಿ ಬರೆಯುವುದು ಇದರ ಮೂರು ಪಟ್ಟು ಎಂದುಕೊಂಡರೂ ನೂರೈವತ್ತು. ಡಿಸ್ಕ್ 90% ತುಂಬಿಸಿ ಇಡುವುದು, 100 ಜಿಬಿಯ ಗೇಮನ್ನು ತಿಂಗಳಿಗೆ ನಾಲ್ಕು ಸಲ ತೆಗೆದು ಹಾಕುವುದು — ಚಿಂತೆ ಮಾಡುವುದಿದ್ದರೆ ಅದಕ್ಕೆ ಮಾಡಿ.

ಪ್ರಶ್ನೆ: ಹಳೆಯ ಪೋಕೆಮಾನ್ ಗೋಲ್ಡ್ ಕ್ಯಾಟ್ರಿಡ್ಜ್ ಸಿಕ್ಕಿತು. ಸೇವ್ ಆಯಿತು ಎನ್ನುತ್ತದೆ, ಆರಿಸಿ ಹಚ್ಚಿದರೆ ಇಲ್ಲ. ಅಣ್ಣನ ಪೋಕೆಮಾನ್ ಎಮರಾಲ್ಡ್ ‘ಒಳಗಿನ ಬ್ಯಾಟರಿ ಖಾಲಿ’ ಅನ್ನುತ್ತದೆ, ಆದರೆ ಸೇವ್ ಉಳಿಯುತ್ತದೆ! — ಹೈಸ್ಕೂಲ್ ವಿದ್ಯಾರ್ಥಿ, ಶಹಾಪುರ, ಬೆಳಗಾವಿ

ಉತ್ತರ: ಗೋಲ್ಡ್‌ನಲ್ಲಿ ಸೇವ್ ಇರುವುದು ಎಸ್‌ರ‍್ಯಾಮ್ ಎಂಬ ಚಿಪ್ಪಿನಲ್ಲಿ. ಅದಕ್ಕೆ ಸದಾ ಚೂರು ಕರೆಂಟ್ ಬೇಕು, ಅದನ್ನು ಒಳಗಿನ ಸಿಆರ್2025 ಸೆಲ್ ಕೊಡುತ್ತದೆ. ಅದೇ ಸೆಲ್ ಹಗಲು-ರಾತ್ರಿಯ ಗಡಿಯಾರವನ್ನೂ ಓಡಿಸುವುದರಿಂದ ಬೇಗ ಖಾಲಿಯಾಗುತ್ತದೆ. ಎಮರಾಲ್ಡ್‌ನಲ್ಲಿ ಸೇವ್ ಫ್ಲ್ಯಾಷ್ ಮೆಮೊರಿಯಲ್ಲಿದೆ, ಅದಕ್ಕೆ ಸೆಲ್ ಬೇಡ. ಅಲ್ಲಿನ ಸಿಆರ್1616 ಗಡಿಯಾರಕ್ಕೆ ಮಾತ್ರ. ಅದು ಸತ್ತರೆ ಗಿಡಗಳ ಹಣ್ಣು ಬೆಳೆಯುವುದು ನಿಲ್ಲುತ್ತದೆ, ಆಟ ನಿಲ್ಲದು.

ಗೋಲ್ಡ್‌ಗೆ ಹೊಸ ಸೆಲ್ ಹಾಕಲು 3.8 ಮಿಲಿಮೀಟರ್ ಗೇಮ್‌ಬಿಟ್ ಸ್ಕ್ರೂಡ್ರೈವರ್, ಬೆಸುಗೆ ಕಡ್ಡಿ, ತಗಡಿನ ಕಾಲು ಅಂಟಿಸಿಯೇ ಬರುವ ಸೆಲ್ ಬೇಕು. ಬರಿಯ ಸೆಲ್ ತಂದು ಅದಕ್ಕೇ ನೇರ ಬೆಸುಗೆ ಹಾಕಬೇಡಿ, ಬಿಸಿಗೆ ಲಿಥಿಯಂ ಸೆಲ್ ಸಿಡಿಯಬಹುದು. ಬೋರ್ಡ್ ಮೇಲೆ ಅಧಿಕ-ಋಣ ಗುರುತು ನೋಡಿ ಕೂರಿಸಿ. ಮೊಬೈಲ್ ರಿಪೇರಿ ಅಂಗಡಿಯವರಿಗೆ ಇದು ಹತ್ತು ನಿಮಿಷದ ಕೆಲಸ. ನಿಮ್ಮದರಲ್ಲಿ ಈಗ ಸೇವ್ ಏನೂ ಉಳಿದಿಲ್ಲವಾದ್ದರಿಂದ ಕಳೆದುಕೊಳ್ಳುವುದೇನಿಲ್ಲ. ಇನ್ನೂ ಸೇವ್ ಉಳಿದಿರುವ ಕ್ಯಾಟ್ರಿಡ್ಜ್ ಆದರೆ ಸೆಲ್ ತೆಗೆದ ಕ್ಷಣವೇ ಅದು ಹೋಗುತ್ತದೆ. ಮೊದಲು ಯುಎಸ್‌ಬಿ ಕ್ಯಾಟ್ರಿಡ್ಜ್ ರೀಡರ್‌ನಿಂದ ಸೇವನ್ನು ಕಂಪ್ಯೂಟರಿಗೆ ತೆಗೆದುಕೊಂಡು, ಸೆಲ್ ಬದಲಿಸಿದ ಮೇಲೆ ಮರಳಿ ಬರೆಯಬೇಕು. ಕ್ಯಾಟ್ರಿಡ್ಜ್ ತೆರೆದಾಗ ಬೋರ್ಡ್ ಮೇಲೆ ನಿಂಟೆಂಡೊ ಹೆಸರು ಇಲ್ಲದೆ, ಚಿಪ್ಪಿನ ಜಾಗದಲ್ಲಿ ಕಪ್ಪು ಗುಳ್ಳೆಯಂಥ ಅಂಟು ಕಂಡರೆ ಅದು ನಕಲಿ. ಸೆಲ್‌ಗೆ ದುಡ್ಡು ಹಾಕಬೇಡಿ.